ಅಕ್ಕನ ಮನೆಯಲ್ಲಿ ಟುಪೊಲೆವ್ ಕಟ್ಟಿದ್ದು

ಕಾರವಾರಕ್ಕೆ ಬಂದವರು ಟಾಗೋರ್ ಕಡಲತೀರದಲ್ಲಿ ಹೆದ್ದಾರಿ ಪಕ್ಕ ನಿಂತಿರುವ ಆ ದೊಡ್ಡ ವಿಮಾನವನ್ನು ನೋಡಿಯೇ ಇರುತ್ತೀರಿ. ಚಾಪೆಲ್ ಯುದ್ಧನೌಕೆಯ ನೆರೆಯಲ್ಲೇ ಇದೆ. ಬಸ್ಸಿನ ಕಿಟಕಿಯಿಂದಲೂ ಕಾಣುತ್ತದೆ. ಹೆಸರು ಟುಪೊಲೆವ್-142. ಪೇಪರಿನಲ್ಲಿ, ಬೋರ್ಡಿನಲ್ಲಿ, ಜನರ ಬಾಯಲ್ಲಿ ಅದು ‘ಯುದ್ಧವಿಮಾನ’. ಆದರೆ ಅದರ ದಿನನಿತ್ಯದ ಕೆಲಸ ಯುದ್ಧವಲ್ಲ, ಕಾವಲು. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರುತ್ತಾ ಯಾವ ಹಡಗು ಎಲ್ಲಿದೆ, ನೀರೊಳಗೆ ಜಲಾಂತರ್ಗಾಮಿ ಏನಾದರೂ ಇದೆಯೇ ಎಂದು ನೋಡುವುದು. ನಮ್ಮ ಕಡೆ ಗದ್ದೆಗೆ ಹಂದಿ ಬಾರದಂತೆ ಮಾಳದ ಮೇಲೆ ಕೂತು ರಾತ್ರಿ ಕಾಯುತ್ತಾರಲ್ಲ, ಆ ಜಾತಿಯ ಕೆಲಸ.

ಸೋವಿಯತ್ ಒಕ್ಕೂಟದಿಂದ ಇಂಥ ಎಂಟು ವಿಮಾನಗಳನ್ನು ನಮ್ಮ ನೌಕಾಪಡೆ ತರಿಸಿತ್ತು. 1988ರಲ್ಲಿ ಮೊದಲು ಗೋವಾಕ್ಕೆ ಬಂದವು. ಅದೇ ವರ್ಷ ಮಾಲ್ಡೀವ್ಸ್‌ನಲ್ಲಿ ದಂಗೆಯೆದ್ದಾಗ ಭಾರತ ನಡೆಸಿದ ಆಪರೇಷನ್ ಕ್ಯಾಕ್ಟಸ್‌ನಲ್ಲೂ ಇವು ಕೆಲಸ ಮಾಡಿದವು. 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. 2017ರ ಮಾರ್ಚ್ 29ಕ್ಕೆ ನಿವೃತ್ತಿ. 29 ವರ್ಷ, 30,000 ಗಂಟೆ ಹಾರಾಟ, ಒಂದೂ ಅಪಘಾತವಿಲ್ಲ. ನಿವೃತ್ತಿಯಾದ ಮೇಲೆ ಒಂದು ವಿಶಾಖಪಟ್ಟಣದ ಬೀಚಿನಲ್ಲಿ ನಿಂತಿತು, ಇನ್ನೊಂದು ನಮ್ಮ ಕಾರವಾರದಲ್ಲಿ.

ಕಾರವಾರಕ್ಕೆ ಅದು ಹಾರಿ ಬರಲಿಲ್ಲ. 2023ರಲ್ಲಿ ಅರಕ್ಕೋಣಂನಲ್ಲಿ ಬಿಚ್ಚಿ, ತುಂಡು ತುಂಡಾಗಿ ಲಾರಿಗಳಲ್ಲಿ ರಸ್ತೆ ಮೇಲೆ ಬಂತು. ನಮ್ಮಲ್ಲಿ ಹಲವರು ಆಗ ಅದನ್ನು ನೋಡಿ ಗುಜರಿ ಅಂದುಕೊಂಡಿದ್ದರು. ತಿಂಗಳುಗಟ್ಟಲೆ ಜೋಡಿಸುವ ಕೆಲಸ ನಡೆಯಿತು. 2024ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಅದು ಜೋಡಣೆಯಾಗುವುದನ್ನು ನಾವು ವಾರಕ್ಕೊಮ್ಮೆ ಹೋಗಿ ಫೋಟೊ ತೆಗೆಯುತ್ತಿದ್ದೆವು. ಪೇಪರಿನಲ್ಲಿ ಬಂದಿದ್ದು ಎರಡೋ ಮೂರೋ. ಉಳಿದ ನೂರಾರು ಫೋಟೊ ಫೋನಿನಲ್ಲೇ ಬಿದ್ದಿದ್ದವು.

ನೌಕಾಪಡೆ ಅಂದರೆ ನಮ್ಮ ಜಿಲ್ಲೆಯಲ್ಲಿ ಬರೀ ಹೆಮ್ಮೆಯ ಮಾತಲ್ಲ, ಅದನ್ನೂ ಹೇಳಿಬಿಡಬೇಕು. ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಊರುಗಳೇ ಎದ್ದು ಹೋದವು. ಸಮುದ್ರ ಬಿಟ್ಟು ಬೇರೇನೂ ಗೊತ್ತಿಲ್ಲದವರು ಗುಡ್ಡದ ಬುಡದ ಕಾಲೊನಿಗೆ ಬಂದರು. ಪರಿಹಾರದ ಮೊತ್ತಕ್ಕಾಗಿ ಕೋರ್ಟು ಅಲೆದವರ ಸುದ್ದಿ ನಾವೇ ಎಷ್ಟೋ ಸಲ ಕಳಿಸಿದ್ದೇವೆ. ಆ ಕಾಲೊನಿಗಳ ಮನೆಗಳಿಂದಲೇ ಈಗ ಹುಡುಗರು ಬೆಳಿಗ್ಗೆ ಐದಕ್ಕೆ ಎದ್ದು ರಸ್ತೆ ಮೇಲೆ ಓಡುತ್ತಾರೆ, ನೌಕಾಪಡೆ ಸೇರಬೇಕು ಅಂತ. ಅಪ್ಪನಿಗೆ ಊರು ಹೋದ ಸಿಟ್ಟು, ಮಗನಿಗೆ ಯೂನಿಫಾರ್ಮಿನ ಆಸೆ. ಎರಡೂ ಒಂದೇ ಮನೆಯಲ್ಲಿ ಇವೆ.

ಆ ಆಸೆ ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗನಿಗೂ ಹತ್ತಿತು. ಬೇಸಿಗೆ ರಜೆಗೆ ಊರಿಗೆ ಬಂದವನನ್ನು ಟುಪೊಲೆವ್ ನೋಡಲು ಕರೆದುಕೊಂಡು ಹೋಗಿದ್ದೆವು. ಒಂಬತ್ತನೇ ಕ್ಲಾಸು. ಒಳಗೆ ಹೋಗಿ ಪೈಲಟ್ ಕೂರುವ ಜಾಗ ನೋಡಿ ಬಂದವನು ಬೀಚಿನಲ್ಲಿ ಐಸ್‌ಕ್ರೀಮನ್ನೂ ಕೇಳಲಿಲ್ಲ. ವಾಪಸ್ ಬೈಕಿನಲ್ಲಿ ಬರುವಾಗ ಹಿಂದಿನಿಂದ ಕೂಗಿ ಹೇಳಿದ, “ಮಾವ, ನಾನು ನೇವಿ ಪೈಲಟ್ ಆಗ್ತೀನಿ.”

ದಸರಾ ರಜೆಗೆ ನಾವೇ ಬೆಂಗಳೂರಿಗೆ ಹೋಗಬೇಕಾಯಿತು. ಬರಬೇಕಾದ ಹಣ ಬಹಳ ದಿನದಿಂದ ಒಂದು ಕಡೆ ನಿಂತಿತ್ತು. ಕೇಳಲು ಹೋದರೆ “ನಾಳೆ ಬನ್ನಿ” ಅನ್ನುತ್ತಿದ್ದರು. ಹಾಗಾಗಿ ಹನ್ನೊಂದು ದಿನ ಅಕ್ಕನ ಮನೆಯಲ್ಲೇ ಉಳಿದೆವು. ರಾಜರಾಜೇಶ್ವರಿನಗರದ ಬಿಇಎಂಎಲ್ ಬಡಾವಣೆ, ಮೈಸೂರು ರಸ್ತೆಯ ಆರ್ಚಿನಿಂದ ಒಳಗೆ. ಮೂರನೇ ಮಹಡಿ, ಎರಡು ಕೋಣೆ, ಬಟ್ಟೆ ಒಣಗಿಸುವ ಒಂದು ಬಾಲ್ಕನಿ. ಆ ಬಾಲ್ಕನಿಯೇ ನಮ್ಮ ವಿಮಾನ ಕಾರ್ಖಾನೆ.

ಶಾಲೆಯಲ್ಲಿ ಡಿಸೆಂಬರಿಗೆ ವಸ್ತುಪ್ರದರ್ಶನ. ನೌಕಾಪಡೆ ದಿನ ಡಿಸೆಂಬರ್ 4. ಹುಡುಗ ಟುಪೊಲೆವ್ ಮಾಡುತ್ತೇನೆ ಎಂದು ಟೀಚರಿಗೆ ಹೇಳಿಬಿಟ್ಟಿದ್ದ. ವಿದೇಶಿ ಕಂಪನಿಗಳ ಪ್ಲಾಸ್ಟಿಕ್ ಕಿಟ್ ಸಿಗುತ್ತವೆ. ಬೆಲೆ ನೋಡಿ ಭಾವ ಫೋನ್ ಕೆಳಗಿಟ್ಟರು. “ನಾವೇ ಮಾಡೋಣ” ಅಂದೆವು.

ಮೊದಲು ಲೆಕ್ಕ. ನಿಜವಾದ ವಿಮಾನ ಮೂಗಿನಿಂದ ಬಾಲಕ್ಕೆ ಸುಮಾರು 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್, ಎತ್ತರ 12 ಮೀಟರ್. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಹಿಡಿದರೆ, ಅಂದರೆ ನೂರಕ್ಕೆ ಒಂದರ ಅಳತೆ, ಎಲ್ಲ ಲೆಕ್ಕವೂ ಬಾಯಲ್ಲೇ ಆಗುತ್ತದೆ. ಉದ್ದ 53 ಸೆಂಟಿಮೀಟರ್, ರೆಕ್ಕೆ 50, ಎತ್ತರ 12. ಅಂಗಡಿಯ ಕಿಟ್‌ಗಳು ಎಪ್ಪತ್ತೆರಡಕ್ಕೆ ಒಂದು, ನೂರನಲವತ್ತನಾಲ್ಕಕ್ಕೆ ಒಂದು ಎಂದೆಲ್ಲ ಇರುತ್ತವೆ. ಅದು ಅಡಿ-ಇಂಚಿನ ಕಾಲದ ಲೆಕ್ಕ. ಮನೆಯಲ್ಲಿ ಮಾಡುವವರಿಗೆ ನೂರೇ ಸುಲಭ. ಅಳೆಯಲು ನಮ್ಮ ಚೀಲದಲ್ಲಿ ಸದಾ ಇರುವ ಸ್ಟೀಲ್ ಸ್ಕೇಲು ಇತ್ತು. ನಮ್ಮ ಸುದ್ದಿ ಎಷ್ಟು ಕಾಲಂ ಸೆಂಟಿಮೀಟರ್ ಬಂದಿದೆ ಎಂದು ತಿಂಗಳ ಕೊನೆಗೆ ಅಳೆಯುವ ಸ್ಕೇಲು ಅದು. ಈ ಸಲ ಅದರಿಂದ ಒಂದು ಒಳ್ಳೆಯ ಕೆಲಸ ಆಯಿತು.

ವಿಮಾನದ ಒಡಲಿನ ಅಗಲ ಮೂರು ಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಅಳತೆಗೆ ಮೂರು ಸೆಂಟಿಮೀಟರ್. ನಲ್ಲಿಗೆ ಹಾಕುವ ಒಂದಿಂಚಿನ ಪಿವಿಸಿ ಪೈಪು ಹೊರಗಿನಿಂದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ! ಹಾರ್ಡ್‌ವೇರ್ ಅಂಗಡಿಯವರು ತುಂಡು ಪೈಪು ಹಾಗೇ ಕೊಟ್ಟರು. ಮೂಗಿಗೆ ಥರ್ಮಾಕೋಲ್ ಕೆತ್ತಿ ಮೇಲೆ ಎಂ-ಸೀಲ್ ಮೆತ್ತಿದೆವು. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಬೇಕು. ಬಾಲದ ಕಡೆ ಸಣ್ಣಗಾಗುತ್ತಾ ಹೋಗುವ ಭಾಗಕ್ಕೆ ಡ್ರಾಯಿಂಗ್ ಹಾಳೆಯನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ ಫೆವಿಕಾಲ್ ಹಚ್ಚಿದೆವು.

ರೆಕ್ಕೆಗೆ ಸನ್‌ಬೋರ್ಡ್. ಇಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಇರುವುದರಿಂದ ಜೆರಾಕ್ಸ್ ಅಂಗಡಿಗಳಲ್ಲೇ ಪ್ರಾಜೆಕ್ಟ್ ಸಾಮಾನು ಸಿಗುತ್ತದೆ. ರೆಕ್ಕೆ ನೆಟ್ಟಗಿಲ್ಲ, ಹಿಂದಕ್ಕೆ ವಾಲಿದೆ, 35 ಡಿಗ್ರಿ. ಹುಡುಗನ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಹೊರಗೆ ಬಂತು. ಅಷ್ಟುದ್ದ ರೆಕ್ಕೆ ಎರಡೇ ದಿನದಲ್ಲಿ ಜೋತು ಬಿತ್ತು. ಆಗ ಅಕ್ಕನ ದೇವರ ಗೂಡಿನಿಂದ ಉರಿದು ಮುಗಿದ ಊದುಬತ್ತಿ ಕಡ್ಡಿಗಳನ್ನು ತಂದು, ಕೆಳಗಿನಿಂದ ಸೀಳಿ ಒಳಗೆ ತೂರಿಸಿ ಅಂಟಿಸಿದೆವು. ನಿಂತಿತು. ವಾರಗಟ್ಟಲೆ ಆ ವಿಮಾನ ಮಲ್ಲಿಗೆ ಊದುಬತ್ತಿ ವಾಸನೆ ಬರುತ್ತಿತ್ತು.

ಒಂದು ಎಚ್ಚರಿಕೆ: ಥರ್ಮಾಕೋಲ್‌ಗೆ ಫೆವಿಕ್ವಿಕ್ ಹಾಕಬೇಡಿ, ಕರಗಿ ಹೋಗುತ್ತದೆ.

ನಿಜವಾದ ಪರೀಕ್ಷೆ ಫ್ಯಾನುಗಳದ್ದು. ಟುಪೊಲೆವ್‌ಗೆ ನಾಲ್ಕು ಎಂಜಿನ್. ಒಂದೊಂದಕ್ಕೂ ಸುಮಾರು 15,000 ಅಶ್ವಶಕ್ತಿ. ನಮ್ಮ ಕಡೆಯ ಟ್ರ್ಯಾಕ್ಟರ್ 45ರದ್ದು ಅಂದುಕೊಂಡರೆ ಒಂದು ಎಂಜಿನ್ನಿಗೆ ಮುನ್ನೂರಕ್ಕೂ ಹೆಚ್ಚು ಟ್ರ್ಯಾಕ್ಟರ್. ಇಷ್ಟು ಶಕ್ತಿಯನ್ನು ಒಂದು ಫ್ಯಾನು ತಾಳಿಕೊಳ್ಳುವುದಿಲ್ಲ. ಅದಕ್ಕೆ ಪ್ರತಿ ಎಂಜಿನ್ನಿಗೂ ಎರಡು ಫ್ಯಾನು, ಒಂದರ ಹಿಂದೆ ಒಂದು, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ಮಜ್ಜಿಗೆ ಕಡೆಯುವಾಗ ಕಡೆಗೋಲಿನ ಜತೆ ಮಜ್ಜಿಗೆಯೂ ಸುತ್ತುತ್ತದಲ್ಲ, ಹಾಗೆ ಮುಂದಿನ ಫ್ಯಾನು ಗಾಳಿಯನ್ನು ಸುತ್ತಿಸಿ ಬಿಡುತ್ತದೆ. ಆ ಸುತ್ತು ಬರೀ ದಂಡ. ಹಿಂದಿನ ಫ್ಯಾನು ಉಲ್ಟಾ ತಿರುಗಿ ಅದನ್ನು ನೇರ ಮಾಡಿ ಹಿಂದಕ್ಕೆ ತಳ್ಳುತ್ತದೆ. ಫ್ಯಾನಿನ ವಿಮಾನವಾದರೂ ಇದು ಗಂಟೆಗೆ 900 ಕಿಲೋಮೀಟರ್ ಹತ್ತಿರ ಓಡುತ್ತಿದ್ದುದು ಇದರಿಂದಲೇ.

ನಾಲ್ಕೆರಡ್ಲಿ ಎಂಟು ಫ್ಯಾನು, ಒಂದಕ್ಕೆ ನಾಲ್ಕು ಎಸಳು. ಒಟ್ಟು 32 ಎಸಳು. ಮೊಸರಿನ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದೆವು. ಪ್ರತಿ ಎಸಳನ್ನೂ ಬಿಸಿನೀರಿಗೆ ಅದ್ದಿ ತಿರುಚಬೇಕು. ಮುಂದಿನ ಹದಿನಾರು ಒಂದು ಕಡೆಗೆ, ಹಿಂದಿನ ಹದಿನಾರು ಇನ್ನೊಂದು ಕಡೆಗೆ. ನಮಗೆ ನೋಡಿ ನೋಡಿ ತಲೆ ಸುತ್ತಿತು. ಹುಡುಗ ನೋಡುತ್ತಲೇ ಇರಲಿಲ್ಲ. ಹೆಬ್ಬೆರಳು ಆಡಿಸಿ “ಇದು ಮುಂದಿಂದು, ಇದು ಹಿಂದಿಂದು” ಎಂದು ಎರಡು ಗುಡ್ಡೆ ಮಾಡಿದ. ಒಂದೂ ತಪ್ಪಲಿಲ್ಲ. ನಮ್ಮ ಅಪ್ಪನ ಕೈ ಹೀಗೇ ಇತ್ತು ಎಂದು ಆಗ ಅನ್ನಿಸಿತು. ಯಾಕೆ ಅನ್ನಿಸಿತು ಎಂದು ಆಮೇಲೆ ಗೊತ್ತಾಯಿತು.

ಫೋನಿನಲ್ಲಿದ್ದ ಆ ನೂರಾರು ಫೋಟೊ ಈಗ ಕೆಲಸಕ್ಕೆ ಬಂದವು. ರಾತ್ರಿ ಊಟ ಆದ ಮೇಲೆ ಹುಡುಗ ಒಂದೊಂದನ್ನೂ ದೊಡ್ಡದು ಮಾಡಿ ನೋಡುವನು. ಈ ಗುಬುಟು ಏನು, ಈ ಕಡ್ಡಿ ಏನು? ಬಾಲದ ನೆತ್ತಿಯ ಮೇಲೆ ಹಿಂದಕ್ಕೆ ಚಾಚಿದ ಒಂದು ಕೊಂಬಿದೆ. ಅದರಲ್ಲಿರುವುದು ಅಯಸ್ಕಾಂತದ ಬಲ ಅಳೆಯುವ ಉಪಕರಣ. ನೀರೊಳಗೆ ಅಷ್ಟು ದೊಡ್ಡ ಕಬ್ಬಿಣದ ಜಲಾಂತರ್ಗಾಮಿ ಇದ್ದರೆ ಅಲ್ಲಿ ಭೂಮಿಯ ಅಯಸ್ಕಾಂತ ಬಲ ತುಸು ಏರುಪೇರಾಗುತ್ತದೆ, ಅದನ್ನು ಹಿಡಿಯುತ್ತದೆ. ವಿಮಾನದ ಸ್ವಂತ ಕಬ್ಬಿಣ, ಕರೆಂಟಿನಿಂದ ದೂರ ಇರಲಿ ಎಂದು ಬಾಲದ ತುದಿಗೆ ಹಾಕಿದ್ದಾರೆ. ಖಾಲಿ ರೀಫಿಲ್ಲಿನ ತುಂಡಿನಿಂದ ನಾವು ಅದನ್ನು ಮಾಡಿದೆವು.

ಹೊಟ್ಟೆಯಿಂದ ಸಮುದ್ರಕ್ಕೆ ಬೀಳಿಸುವ ತೇಲುಬುರುಡೆಗಳೂ ಇದ್ದವು. ನೀರಿಗೆ ಬಿದ್ದ ಮೇಲೆ ಕೆಳಗೆ ಮೈಕು ಇಳಿಬಿಟ್ಟು, ಕೇಳಿದ ಸದ್ದನ್ನು ರೇಡಿಯೋದಲ್ಲಿ ಮೇಲೆ ಕಳಿಸುತ್ತವೆ. ಇದನ್ನು ಹುಡುಗನಿಗೆ ಹೇಳಲು ನಮಗೆ ಕಷ್ಟವಾಗಲಿಲ್ಲ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾವು ಅಲ್ಲೇ ಇದ್ದೆವು. ಗಂಗಾವಳಿಯ ಕೆಸರು ನೀರಿನಲ್ಲಿ ಮನುಷ್ಯನ ಕಣ್ಣಿಗೆ ಒಂದಡಿ ಕಾಣುತ್ತಿರಲಿಲ್ಲ. ನೌಕಾಪಡೆಯವರು ಸೋನಾರ್ ತಂದು ಸದ್ದಿನಿಂದ ಹುಡುಕಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು ಆ ದಡದಲ್ಲಿ ನಿಂತವರಿಗೆ ನೀರೊಳಗೆ ಹುಡುಕುವುದು ಎಂದರೆ ಏನು ಎಂದು ಬೇರೆ ಹೇಳಬೇಕಿಲ್ಲ.

ಒಂಬತ್ತನೇ ದಿನ ಬಣ್ಣ.

ಇಡೀ ವಿಮಾನ ಬೂದು. ಅದನ್ನು ಹುಡುಗನೇ ಚೆಂದ ಬಳಿದ. ರೆಕ್ಕೆಯ ಮೇಲಿನ ಕೇಸರಿ-ಬಿಳಿ-ಹಸಿರು ಚಕ್ರಗಳನ್ನು ಪ್ರಿಂಟ್ ತೆಗೆಸಿ ಅಂಟಿಸಿದೆವು. ಉಳಿದಿದ್ದು ರೆಕ್ಕೆ ತುದಿಯ ದೀಪಗಳು. ಎಡ ತುದಿಗೆ ಕೆಂಪು, ಬಲ ತುದಿಗೆ ಹಸಿರು. ಇದು ಲೋಕದ ಎಲ್ಲ ವಿಮಾನಕ್ಕೂ ಒಂದೇ ನಿಯಮ. ಕಾರವಾರದ ಬಂದರಿನಲ್ಲಿ ನಮ್ಮ ಮೀನುಗಾರರ ಬೋಟುಗಳಿಗೂ ಅದೇ. ಕತ್ತಲಲ್ಲಿ ಎದುರಿನ ಬೋಟು ಕಾಣುವುದಿಲ್ಲ, ದೀಪ ಮಾತ್ರ ಕಾಣುತ್ತದೆ. ಬರೀ ಕೆಂಪು ಕಂಡರೆ ಅದರ ಎಡ ಮಗ್ಗುಲು ನಮ್ಮ ಕಡೆಗಿದೆ. ಬರೀ ಹಸಿರು ಕಂಡರೆ ಬಲ ಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ನೆಟ್ಟಗೆ ನಮ್ಮ ಮೇಲೇ ಬರುತ್ತಿದೆ ಎಂದರ್ಥ.

ಇಷ್ಟೂ ಹೇಳಿ, ನೀರಿನ ಬಾಟಲಿಯ ಮುಚ್ಚಳಗಳಲ್ಲಿ ಎರಡು ಬಣ್ಣ ಹಾಕಿ ಕೊಟ್ಟು, ಚಹಾ ಕುಡಿಯಲು ಒಳಗೆ ಹೋದೆವು. ವಾಪಸ್ ಬಂದಾಗ ಎರಡೂ ತುದಿ ಹಸಿರು.

“ಎಡಕ್ಕೆ ಕೆಂಪು ಅಲ್ವೇನೋ ತಮಾ?”

“ಹಾಕಿದೀನಲ್ಲ ಮಾವ.”

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆವು. ಅವನ ಮುಖ ನೋಡಿದರೆ ತಮಾಷೆ ಇರಲಿಲ್ಲ. ಎರಡು ಮುಚ್ಚಳಗಳ ಜಾಗ ಬದಲಿಸಿ “ಇದರಲ್ಲಿ ಕೆಂಪು ಯಾವುದು” ಅಂದೆವು. ಅವನು ಬಗ್ಗಿ, ಒಂದನ್ನು ಬೆಳಕಿಗೆ ಹಿಡಿದು, ಇನ್ನೊಂದನ್ನು ಹಿಡಿದು, ಕೊನೆಗೆ ನಮ್ಮ ಮುಖ ನೋಡಿದ. ಉತ್ತರವನ್ನು ಬಣ್ಣದಲ್ಲಿ ಅಲ್ಲ, ನಮ್ಮ ಮುಖದಲ್ಲಿ ಹುಡುಕುತ್ತಿದ್ದ. ಇದು ಅವನಿಗೆ ರೂಢಿಯಾಗಿದೆ ಎಂದು ಆಗ ಹೊಳೆಯಿತು. ಇಷ್ಟು ದಿನ ಟ್ಯೂಬಿನ ಮೇಲಿನ ಹೆಸರು ಓದಿ ಬಣ್ಣ ಹಾಕುತ್ತಿದ್ದ. ಮುಚ್ಚಳದ ಮೇಲೆ ಹೆಸರಿರಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಕ್ರಿಕೆಟ್ ಚೆಂಡು ಹುಲ್ಲಿಗೆ ಬಿದ್ರೆ ಇವಂಗೆ ಸಿಗೂದೇ ಇಲ್ಲ. ಗಮನ ಇಲ್ಲ ಅಂತ ಬೈತಿದ್ದೆ” ಅಂದಳು. ಟ್ರಾಫಿಕ್ ದೀಪದಲ್ಲಿ ಮೇಲಿನದು ನಿಲ್ಲು, ಕೆಳಗಿನದು ಹೋಗು ಎಂದು ಜಾಗದ ಲೆಕ್ಕದಲ್ಲಿ ಅವನಿಗೆ ಗೊತ್ತು. ಮನೆ ಹತ್ತಿರದ ಮೆಟ್ರೊ ನೇರಳೆ ಮಾರ್ಗ ಎಂದು ಹೆಸರಿನಿಂದ ಗೊತ್ತು, ನೇರಳೆಯೂ ನೀಲಿಯೂ ಅವನಿಗೆ ಒಂದೇ ತರ. ಹದಿನಾಲ್ಕು ವರ್ಷ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿದ್ದ.

ರಾತ್ರಿ ಊರಿಗೆ ಫೋನ್ ಮಾಡಿ ಆಯಿಗೆ ಹೇಳಿದೆವು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪಂಗೂ ಹಂಗೇ ಇತ್ತು” ಅಂದಳು. ಮದುವೆಯಾದ ವರ್ಷ ಹಬ್ಬಕ್ಕೆ ಕೆಂಪು ಸೀರೆ ತರುತ್ತೇನೆಂದು ಅಂಕೋಲಾ ಪೇಟೆಗೆ ಹೋದ ಅಪ್ಪ ಹಸಿರು ತಂದಿದ್ದರಂತೆ. ಆಯಿ ನಕ್ಕಳಂತೆ, ಅಪ್ಪ ಮೂರು ದಿನ ಮಾತಾಡಲಿಲ್ಲವಂತೆ. ನಮಗೆ ನೆನಪಿರುವ ಅಪ್ಪ ಬೇರೆ. ಕರಿ ಈಶಾಡ ಮಾವನ್ನು ಹೆಬ್ಬೆರಳಲ್ಲಿ ಒತ್ತಿ, ತೊಟ್ಟು ಮೂಸಿ, ಇದು ಇವತ್ತಿಗೆ, ಇದು ನಾಡಿದ್ದಿಗೆ ಎಂದು ಬುಟ್ಟಿಗೆ ಹಾಕುತ್ತಿದ್ದವರು. ಊರವರೆಲ್ಲ ಆ ಕೈ ಹೊಗಳುತ್ತಿದ್ದರು. ಮುರುಗಲು ಹಣ್ಣು ಕೊಯ್ಯಲು ಮಾತ್ರ ಅಪ್ಪ ಯಾವತ್ತೂ ಮರ ಹತ್ತಲಿಲ್ಲ. ಎಲೆ ನಡುವಿನ ಕೆಂಪು ಹಣ್ಣು ಅವರಿಗೆ ಕಾಣುತ್ತಿರಲಿಲ್ಲ ಎಂದು ನಮಗೆ ತಿಳಿದದ್ದು ಅವರು ಹೋಗಿ ಆರು ವರ್ಷದ ಮೇಲೆ, ಬೆಂಗಳೂರಿನ ಒಂದು ಬಾಲ್ಕನಿಯಲ್ಲಿ.

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು. ಜಪಾನಿನ ಸೇನೆಯ ಕಣ್ಣಿನ ಡಾಕ್ಟರು ಶಿನೊಬು ಇಶಿಹಾರಾ 1917ರಲ್ಲಿ ಮಾಡಿದ ಪರೀಕ್ಷೆ. ಇವತ್ತಿಗೂ ಸೇನೆ, ರೈಲ್ವೆ, ಎಲ್ಲ ಕಡೆ ಅದೇ. ಚುಕ್ಕೆಗಳ ನಡುವೆ ನಮಗೆ 74 ಎಂದು ಕಾಣುವ ಪುಟದಲ್ಲಿ ಹುಡುಗ 21 ಎಂದ. ಮುಂದಿನ ಕೆಲವು ಪುಟಗಳಲ್ಲಿ ಏನೂ ಇಲ್ಲ ಎಂದ. ಡಾಕ್ಟರು ಪುಸ್ತಕ ಮುಚ್ಚಿದರು.

ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಕೆಂಪು-ಹಸಿರು ಗುರುತಿಸುವ ಗುಣ ಎಕ್ಸ್ ಎಂಬ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಹೆಣ್ಣಿಗೆ ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡುತ್ತದೆ, ಗಂಡಿಗೆ ಬದಲಿ ಇಲ್ಲ. ಅಪ್ಪ ತನ್ನ ಎಕ್ಸನ್ನು ಮಗಳಿಗೆ ಮಾತ್ರ ಕೊಡುತ್ತಾನೆ, ಮಗನಿಗೆ ಕೊಡುವುದಿಲ್ಲ. ಹಾಗಾಗಿ ನಮ್ಮ ಅಪ್ಪನದು ನಮಗೆ ಬರಲಿಲ್ಲ, ಅಕ್ಕನಿಗೆ ಹೋಯಿತು. ಅಕ್ಕನಿಗೆ ಏನೂ ತೊಂದರೆಯಿಲ್ಲದೆ ಅವಳ ಮಗನಿಗೆ ದಾಟಿತು. ದಾಟಲೇಬೇಕೆಂದಿಲ್ಲ, ಅರ್ಧಕ್ಕರ್ಧ ಸಾಧ್ಯತೆ. ಔಷಧಿಯಿಲ್ಲ, ಆಪರೇಷನ್ ಇಲ್ಲ. ಕಣ್ಣು ಮಂಜಾಗುವುದಿಲ್ಲ, ಹೆಚ್ಚಾಗುವುದೂ ಇಲ್ಲ. ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ.

“ಹಂಗಾರೆ ನನ್ನಿಂದ್ಲೇ ಆದದ್ದು” ಎಂದು ಅಕ್ಕ ಆಟೊದಲ್ಲಿ ಅತ್ತಳು. ಡಾಕ್ಟರು ಯಾರ ತಪ್ಪೂ ಅಲ್ಲ ಎಂದು ಮೂರು ಸಲ ಹೇಳಿದ್ದರು. ತಾಯಂದಿರಿಗೆ ಅದು ಕೇಳಿಸುವುದಿಲ್ಲ. ಹುಡುಗ ಮುಂದೆ ಡ್ರೈವರ್ ಪಕ್ಕ ಕೂತು ರಸ್ತೆ ನೋಡುತ್ತಿದ್ದ.

ಭಾವನದು ಬೇರೆ ದಾರಿ. ರಾತ್ರಿ ಯೂಟ್ಯೂಬಿನಲ್ಲಿ ಹುಡುಕಿ, ಆ 38 ಪುಟದ ಪುಸ್ತಕದ ಉತ್ತರಗಳನ್ನು ಬಾಯಿಪಾಠ ಮಾಡಿಸುವ ವಿಡಿಯೊ ಕಂಡುಹಿಡಿದರು. “ಇನ್ನೂ ಮೂರು ವರ್ಷ ಇದೆ, ಎಲ್ಲಾ ಪುಟ ಉರು ಹೊಡೆದ್ರೆ ಆಯ್ತು. ಯಾರಿಗೂ ಹೇಳೋದು ಬೇಡ. ನೀವೂ ಬರೀಬೇಡಿ” ಅಂದರು. ಅವರನ್ನು ದೂರುವ ಮನಸ್ಸು ನಮಗಿಲ್ಲ. ಮಗನ ದಾರಿಗೆ ಬಂಡೆ ಬಿದ್ದರೆ ಅಪ್ಪ ಸಂದಿ ಹುಡುಕುತ್ತಾನೆ. ನಾವು ಏನು ಹೇಳುವುದೆಂದು ತಿಳಿಯದೆ ಕೂತಿದ್ದೆವು.

ಹುಡುಗ ಉಪ್ಪುಕಾಗದ ಕೆಳಗಿಟ್ಟು ಕೇಳಿದ, “ಅಪ್ಪಾ, ಪುಸ್ತಕ ಬಾಯಿಪಾಠ ಮಾಡ್ತೀನಿ. ರಾತ್ರಿ ಎದುರಿಗೆ ಇನ್ನೊಂದು ವಿಮಾನ ಬಂದ್ರೆ? ಅದರ ದೀಪ ಬಾಯಿಪಾಠ ಮಾಡೋಕಾಗುತ್ತಾ?”

ಭಾವ ಎದ್ದು ಒಳಗೆ ಹೋದರು. ಆಮೇಲೆ ಆ ಮಾತು ಎತ್ತಲಿಲ್ಲ.

ಇಲ್ಲಿ ಓದುಗರಿಗೆ ಒಂದು ಮಾತು, ಮುಖ್ಯವಾಗಿ ನಮ್ಮ ಊರುಗಳ ಅಪ್ಪಂದಿರಿಗೆ. ಸೇನೆ, ನೌಕಾಪಡೆ ಸೇರುವ ಹುಡುಗರು ಅಗ್ನಿವೀರ ತರಬೇತಿ ಎಂದು ಸಾವಿರಾರು ರೂಪಾಯಿ ಕಟ್ಟುತ್ತಾರೆ. ವರ್ಷವಿಡೀ ಓಡುತ್ತಾರೆ, ಲಿಖಿತ ಪರೀಕ್ಷೆ ಪಾಸಾಗುತ್ತಾರೆ. ಕೊನೆಯ ಮೆಡಿಕಲ್ಲಿನಲ್ಲಿ ಈ ಚುಕ್ಕೆ ಪುಸ್ತಕದ ಮುಂದೆ ನಿಂತು ವಾಪಸ್ ಬರುತ್ತಾರೆ. ಅಂಥವರನ್ನು ನಾವು ನೋಡಿದ್ದೇವೆ. ಊರಲ್ಲಿ ‘ಫೇಲಾದ’ ಎನ್ನುತ್ತಾರೆ. ಆ ಪರೀಕ್ಷೆಗೆ ಕಣ್ಣಿನ ಡಾಕ್ಟರ ಹತ್ತಿರ ಹತ್ತು ನಿಮಿಷ ಸಾಕು. ಹಣ ಕಟ್ಟುವ ಮುಂಚೆ ತೋರಿಸಿ. ತಾಯಿಯ ತಂದೆಗೋ ತಾಯಿಯ ಅಣ್ಣತಮ್ಮಂದಿರಿಗೋ ಹೀಗಿತ್ತು ಎಂಬ ಮಾತು ಮನೆಯಲ್ಲಿದ್ದರೆ ಖಂಡಿತ ತೋರಿಸಿ. ಬಣ್ಣದ ಗಾಜಿನ ಕನ್ನಡಕದಿಂದ ಸರಿಹೋಗುತ್ತದೆ ಎಂದು ಮಾರುವವರಿದ್ದಾರೆ. ಅದನ್ನು ಹಾಕಿಕೊಂಡು ಸೇನೆಯ ಮೆಡಿಕಲ್ ದಾಟಲು ಬರುವುದಿಲ್ಲ.

ಎಲ್ಲ ಬಾಗಿಲೂ ಮುಚ್ಚಿಲ್ಲ. ವಿಮಾನ ಹಾರಿಸುವುದು, ರೈಲು ಓಡಿಸುವುದು ಆಗದು. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿದ ಮೇಲೆ, ಈ ತೊಂದರೆ ತೀರಾ ಹೆಚ್ಚಿಲ್ಲದವರಿಗೆ ವಾಹನ ಚಾಲನೆ ಲೈಸೆನ್ಸ್ ಸಿಗುತ್ತದೆ. ಪುಣೆಯ ಸಿನಿಮಾ ಸಂಸ್ಥೆ ಇಂಥ ಹುಡುಗನೊಬ್ಬನಿಗೆ ಸೀಟು ಕೊಡದಿದ್ದಾಗ 2022ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ವಿಮಾನ ಕಟ್ಟುವುದು, ಅದರ ಲೆಕ್ಕ ಹಾಕುವುದು, ಅದರ ಸದ್ದು ಓದುವ ಯಂತ್ರ ಮಾಡುವುದು ಬೇರೆಯೇ ಲೋಕ. ಟುಪೊಲೆವ್ ಬದಲಿಗೆ ಬಂದ ಬೋಯಿಂಗ್ ಪಿ-8ಐ ಕಾವಲು ವಿಮಾನಕ್ಕೆ ಸಂಪರ್ಕದ ಉಪಕರಣ ಮಾಡಿಕೊಟ್ಟದ್ದು ಬೆಂಗಳೂರಿನದೇ ಬಿಇಎಲ್. ಹೊಟ್ಟೆಯ ಬಾಗಿಲು ಮಾಡಿದ್ದು ಎಚ್‌ಎಎಲ್. ಇದನ್ನೆಲ್ಲ ನಾವು ಹುಡುಗನಿಗೆ ಒಂದೇ ಉಸಿರಿಗೆ ಹೇಳಿದೆವು. ಅವನು ಕೇಳಿಸಿಕೊಂಡು, “ಗೊತ್ತು ಮಾವ. ಇವತ್ತು ಬೇಡ” ಅಂದ. ಅವನು ಹೇಳಿದ್ದೇ ಸರಿ. ಬೇಸಿಗೆಯಿಂದ ಕಟ್ಟಿಕೊಂಡಿದ್ದ ಆಸೆ ಮುರಿದ ದಿನವೇ ಇನ್ನೊಂದನ್ನು ತಂದು ಅಂಟಿಸಿದರೆ ಹಿಡಿಯುವುದಿಲ್ಲ.

ಎರಡು ದಿನ ವಿಮಾನ ಬಾಲ್ಕನಿಯಲ್ಲಿ ಹಾಗೇ ಇತ್ತು, ಎರಡೂ ತುದಿ ಹಸಿರಾಗಿ. ಮೂರನೇ ದಿನ, ಅಂದರೆ ನಾವು ಹೊರಡುವ ದಿನ ಬೆಳಿಗ್ಗೆ, ಅವನು ಮುಚ್ಚಳಗಳಿಗೆ ಚೀಟಿ ಅಂಟಿಸಿ ತಂದ. ಒಂದರ ಮೇಲೆ ‘ಕೆಂ’, ಇನ್ನೊಂದರ ಮೇಲೆ ‘ಹ’. “ಸರಿ ಇದೆಯಾ ನೋಡಿ” ಎಂದ. ಸರಿ ಇತ್ತು. ಎಡ ತುದಿಯನ್ನು ಕೆರೆದು ಕೆಂಪು ಹಚ್ಚಿದ. ನಾವು ಮುಟ್ಟಲಿಲ್ಲ. ಒಟ್ಟು ಖರ್ಚು 640 ರೂಪಾಯಿ, ಅದರಲ್ಲಿ ಬಣ್ಣಕ್ಕೇ 280. ನಮ್ಮ ಬಾಕಿ ಹಣದಲ್ಲಿ ಅರ್ಧ ಬಂತು, ಅರ್ಧ ಇನ್ನೂ ‘ನಾಳೆ’ಯಲ್ಲಿದೆ.

ಶಾಲೆಯ ಪ್ರದರ್ಶನದಲ್ಲಿ ಟುಪೊಲೆವ್‌ಗೆ ಎರಡನೇ ಬಹುಮಾನ. ಮೊದಲನೆಯದು ಮಳೆನೀರು ಕೊಯ್ಲಿಗೆ. ನೋಡಲು ಬಂದವರು ಹೆಚ್ಚು ಕೇಳಿದ್ದು ಫ್ಯಾನು ಯಾಕೆ ಎರಡೆರಡು ಎಂದಂತೆ. ಅಕ್ಕ ಕಳಿಸಿದ ವಿಡಿಯೊದಲ್ಲಿ ಹುಡುಗ ಎರಡೂ ಕೈಯನ್ನು ಒಂದರ ಹಿಂದೆ ಒಂದು ಹಿಡಿದು ವಿರುದ್ಧ ದಿಕ್ಕಿಗೆ ತಿರುಗಿಸಿ ತೋರಿಸುತ್ತಿದ್ದಾನೆ. ಮಜ್ಜಿಗೆ, ಕಡೆಗೋಲು ಎಂದೂ ಹೇಳುತ್ತಿದ್ದಾನೆ. ಬೆಂಗಳೂರಿನ ಮಕ್ಕಳಿಗೆ ಕಡೆಗೋಲು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಇದನ್ನು ಬರೆಯಲೇ ಎಂದು ಅವನನ್ನೇ ಕೇಳಿದೆವು. “ಬರೀರಿ, ಹೆಸರು ಹಾಕ್ಬೇಡಿ. ಮತ್ತೆ ಪಾಪ ಅಂತ ಬರೀಬೇಡಿ” ಅಂದ. ಭಾವನೂ ಬೇಡ ಎನ್ನಲಿಲ್ಲ.

ಈಗ ಪಿ-8ಐ ಶುರು ಮಾಡಿದ್ದಾನೆ, ಅದೇ ನೂರಕ್ಕೆ ಒಂದು. ಉದ್ದ 39 ಸೆಂಟಿಮೀಟರ್ ಚಿಲ್ಲರೆ, ರೆಕ್ಕೆ 37 ಚಿಲ್ಲರೆ. ಜೆಟ್ ಎಂಜಿನ್, ಫ್ಯಾನಿನ ಎಸಳು ಕತ್ತರಿಸುವ ರಗಳೆಯಿಲ್ಲ. ಆದರೆ ಒಡಲು ಟುಪೊಲೆವ್‌ಗಿಂತ ದಪ್ಪ, ಒಂದಿಂಚಿನ ಪೈಪು ಸಾಲುವುದಿಲ್ಲ ಎಂದು ಮೊನ್ನೆ ಫೋನಿನಲ್ಲಿ ಗೊಣಗಿದ. ಗೋವಾದಿಂದ ನಮ್ಮ ಕಡೆ ಹಾರಿ ಬಂದಾಗ ಕೆಳಗಿನಿಂದ ಒಂದು ಒಳ್ಳೆಯ ಫೋಟೊ ತೆಗೆದು ಕಳಿಸಬೇಕಂತೆ. ನೌಕಾನೆಲೆಯ ಹತ್ತಿರ ಹಾಗೆಲ್ಲ ಕ್ಯಾಮೆರಾ ಎತ್ತಿದರೆ ನಿನ್ನ ಮಾವನನ್ನೇ ಒಳಗೆ ಹಾಕುತ್ತಾರೆ ಎಂದೆವು. “ಹಾಗಾದ್ರೆ ಬರೀ ನೋಡಿ, ಹೊಟ್ಟೆ ಹತ್ತಿರ ಎಷ್ಟು ಬಾಗಿಲು ಇದೆ ಅಂತ ಎಣಿಸಿ ಹೇಳಿ” ಅಂದ.